ಆಡದ ಪಂದ್ಯಗಳನ್ನು ಬರೆಯಬೇಡ

ಪ್ರೀತಿಯ ತಂಗಿಗೆ ಆಶೀರ್ವಾದಗಳು.

ಜಾನ್ ಕೋಲ್ಮನ್ ಬಗ್ಗೆ ನೀನು ಕಳಿಸಿದ ಲೇಖನ ಓದಿದೆ. ಕ್ರಿಕೆಟ್ಟಿನಾಚೆ ಆಸ್ಟ್ರೇಲಿಯನ್ ಫುಟ್‌ಬಾಲ್‌ನತ್ತ ಕಣ್ಣು ಹಾಯಿಸಿ, ಮೆಲ್ಬರ್ನ್‌ನ ಎಸೆಂಡನ್ ಕ್ಲಬ್ಬಿನ ಎಪ್ಪತ್ತು ವರ್ಷ ಹಿಂದಿನ ಆಟಗಾರನೊಬ್ಬನನ್ನು ಕನ್ನಡದ ಓದುಗರ ಮುಂದೆ ನಿಲ್ಲಿಸಲು ಹೊರಟಿದ್ದೀಯ. ಬಹಳ ಸಂತೋಷವಾಯಿತು. ಆದರೆ ಲೇಖನದ ಅರ್ಧ ಭಾಗ ‘ಮಂಡಿಗೆ ಪೆಟ್ಟಾಗದೇ ಇದ್ದಿದ್ದರೆ’ ಎಂಬ ಹಳಹಳಿಕೆಗೇ ಹೋಗಿದೆ. ಅಷ್ಟನ್ನೂ ತೆಗೆದುಹಾಕು ಎಂದು ಹೇಳುವುದಕ್ಕೇ ಈ ಪತ್ರ.

ಅವನು ಆಡಿದ್ದು 98 ಪಂದ್ಯ, ಹೊಡೆದದ್ದು 537 ಗೋಲು. ಇನ್ನೂರು ಪಂದ್ಯ ಆಡಿದ್ದರೆ ಎಷ್ಟಾಗುತ್ತಿತ್ತು ಎಂದು ನೀನು ಗುಣಿಸಿ ತೋರಿಸಿದ್ದೀಯ. ಆ ಲೆಕ್ಕ ಯಾರಿಗೂ ಬರುತ್ತದೆ. ನಿನ್ನಿಂದ ನಾನು ಬಯಸುವುದು ಆ 98ರೊಳಗೆ ನಡೆದದ್ದನ್ನು.

ಆಟದ ನಿಯಮಗಳಿಗೆ ಇಷ್ಟೊಂದು ಜಾಗ ಬೇಡ. ಮೊಟ್ಟೆಯಾಕಾರದ ಮೈದಾನ, ಎರಡೂ ತುದಿಯಲ್ಲಿ ನಾಲ್ಕು ನಾಲ್ಕು ಕಂಬ, ನಡುವಿನೆರಡರ ಮಧ್ಯೆ ಚೆಂಡು ಒದ್ದರೆ ಆರು ಅಂಕ, ಇಷ್ಟು ಸಾಕು. ನಿಧಾನಿಸಬೇಕಾದದ್ದು ‘ಮಾರ್ಕ್’ ಬಳಿ. ಒದ್ದ ಚೆಂಡನ್ನು ನೆಲ ಮುಟ್ಟುವ ಮೊದಲೇ ಹಿಡಿದವನಿಗೆ, ಯಾರ ಅಡ್ಡಿಯೂ ಇಲ್ಲದೆ ಒದೆಯುವ ಹಕ್ಕು ಸಿಗುತ್ತದೆ. ಕೋಲ್ಮನ್‌ನ ವಿದ್ಯೆಯೆಲ್ಲ ಅಲ್ಲಿತ್ತು. ನೀನು ‘ಅದ್ಭುತ ಜಿಗಿತ’ ಎಂದು ಬರೆದು ಮುಂದಕ್ಕೆ ಹೋಗಿಬಿಟ್ಟೆ. ಹಳೆಯ ಫೋಟೊಗಳನ್ನು ಎದುರಿಗಿಟ್ಟುಕೊಂಡು ಕೂತು ನೋಡು. ಕಪ್ಪು ಅಂಗಿ, ಅದರ ಮೇಲೆ ಓರೆಯಾಗಿ ಕೆಂಪು ಪಟ್ಟಿ, ಬೆನ್ನಿಗೆ 10ನೇ ಸಂಖ್ಯೆ. ಕೆಳಗೆ ಎದುರಾಳಿಗಳು ಇನ್ನೂ ಕತ್ತೆತ್ತಿ ನೋಡುತ್ತಿದ್ದಾರೆ. ಅವನು ಹಿಂದಿನಿಂದ ಓಡಿಬಂದು ಅವರ ಹೆಗಲಿನ ಮಟ್ಟಕ್ಕೆ ಏರಿ, ಎರಡೂ ಕೈ ಚಾಚಿ ಆಗಿದೆ. ಮಂಡಿ ಎಲ್ಲಿತ್ತು, ಕೈ ಎಲ್ಲಿತ್ತು ಎಂದು ಬರೆ. ‘ಅದ್ಭುತ’ ಎಂಬುದನ್ನು ಓದುಗ ತಾನೇ ಹೇಳಿಕೊಳ್ಳುತ್ತಾನೆ.

1949ರ ಭಾಗ ಚೆನ್ನಾಗಿ ಬಂದಿದೆ, ಅದನ್ನು ಮುಟ್ಟಬೇಡ. ಇಪ್ಪತ್ತರ ಹುಡುಗ ಹಾಥಾರ್ನ್ ವಿರುದ್ಧದ ಮೊದಲ ಪಂದ್ಯದಲ್ಲೇ 12 ಗೋಲು ಹೊಡೆದದ್ದು, ಅದೇ ವರ್ಷ ಕಾರ್ಲ್‌ಟನ್ ವಿರುದ್ಧದ ಫೈನಲ್‌ನಲ್ಲಿ ತೊಂಬತ್ತು ಸಾವಿರ ಜನರೆದುರು ನೂರನೆಯ ಗೋಲು ಮುಟ್ಟಿದ್ದು, ಎಲ್ಲವೂ ಕಣ್ಣಿಗೆ ಕಟ್ಟುತ್ತದೆ.

ನನಗೆ ಬೇಸರವಾದದ್ದು 1951ರ ಬಗ್ಗೆ ಓದುವಾಗ. ಕಾರ್ಲ್‌ಟನ್‌ನ ಹ್ಯಾರಿ ಕ್ಯಾಸ್ಪರ್‌ನನ್ನು ಖಳನಾಯಕನನ್ನಾಗಿ ಮಾಡಿ ಕೈತೊಳೆದುಕೊಂಡಿದ್ದೀಯ. ಕೆಣಕಿದ್ದು ಕ್ಯಾಸ್ಪರ್ ಎಂಬುದು ನಿಜ; ಕೋಲ್ಮನ್ ತಿರುಗಿ ಹೊಡೆದದ್ದೂ ನಿಜ. ಇಬ್ಬರಿಗೂ ನಾಲ್ಕು ವಾರಗಳ ನಿಷೇಧವಾಯಿತು. ಕ್ಯಾಸ್ಪರ್‌ಗೂ ಶಿಕ್ಷೆಯಾದದ್ದು ನಿನ್ನ ಲೇಖನದಲ್ಲಿಲ್ಲ! ಅಂತಿಮ ಸುತ್ತಿನ ಪಂದ್ಯಗಳು ಕೋಲ್ಮನ್‌ಗೆ ತಪ್ಪಿಹೋದವು, ಎಸೆಂಡನ್ ಫೈನಲ್‌ನಲ್ಲಿ ಜೀಲಾಂಗ್‌ಗೆ 11 ಅಂಕಗಳಿಂದ ಸೋತಿತು. ಪಂದ್ಯಕ್ಕೆ ಐದಕ್ಕೂ ಹೆಚ್ಚು ಗೋಲು ಹೊಡೆಯುವವನು ಹೊರಗೆ ಕೂತಿದ್ದಾಗ ತಂಡ ಎರಡು ಗೋಲಿಗೂ ಕಡಿಮೆ ಅಂತರದಲ್ಲಿ ಸೋತಿದೆ. ‘ಅವನಿದ್ದಿದ್ದರೆ’ ಎಂಬ ಮಾತು ಇಲ್ಲಿ ತಾನಾಗಿಯೇ ಬಾಯಿಗೆ ಬರುತ್ತದೆ. ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ಸುಮ್ಮನಾಗು. ಕಥಾನಾಯಕನ ತಪ್ಪನ್ನು ಮುಚ್ಚಿಟ್ಟರೆ ಅವನು ದೊಡ್ಡವನಾಗುವುದಿಲ್ಲ, ನಿನ್ನ ಮೇಲಿನ ನಂಬಿಕೆ ಮಾತ್ರ ಕಡಿಮೆಯಾಗುತ್ತದೆ.

1954ಕ್ಕೂ ಇದೇ ಮಾತು. ಫಿಟ್ಜ್‌ರಾಯ್ ವಿರುದ್ಧ 14 ಗೋಲು, ಅವನ ಬದುಕಿನ ಅತಿ ಹೆಚ್ಚಿನದು. ಮುಂದಿನ ಪಂದ್ಯದಲ್ಲೇ, ನಾರ್ತ್ ಮೆಲ್ಬರ್ನ್ ವಿರುದ್ಧ, ಮಂಡಿ ಹೋಯಿತು. ವಯಸ್ಸು 25. ಇದಕ್ಕೆ ‘ವಿಧಿಯ ಕ್ರೂರ ಆಟ’ ಎಂದು ಸೇರಿಸಬೇಕೇ?

ನಿನ್ನ ಲೇಖನ ಹೆಚ್ಚುಕಡಿಮೆ ಅಲ್ಲಿಗೇ ನಿಂತಿದೆ. ಅವನ ಬದುಕು ನಿಲ್ಲಲಿಲ್ಲ. 1961ರಿಂದ 1967ರವರೆಗೆ ಅವನು ಅದೇ ಎಸೆಂಡನ್‌ನ ಕೋಚ್ ಆಗಿದ್ದ. 1962ರಲ್ಲಿ, 1965ರಲ್ಲಿ ತಂಡ ಪ್ರಶಸ್ತಿ ಗೆದ್ದಿತು. ಇನ್ನು ಜಿಗಿಯಲಾರದವನು ಗೆರೆಯಾಚೆ ನಿಂತು ಇತರರನ್ನು ಗೆಲ್ಲಿಸಿದ ಈ ಏಳು ವರ್ಷ ನಿನ್ನಲ್ಲಿ ಒಂದೇ ವಾಕ್ಯ ಪಡೆದಿವೆ. ನನಗೆ ಎಲ್ಲಕ್ಕಿಂತ ಕುತೂಹಲವಿರುವುದು ಈ ವರ್ಷಗಳ ಬಗ್ಗೆ. 1973ರಲ್ಲಿ, 44ರ ವಯಸ್ಸಿಗೇ, ಅವನು ತೀರಿಕೊಂಡ. ಪ್ರತಿ ವರ್ಷ ಲೀಗ್ ಹಂತದಲ್ಲಿ ಅತಿ ಹೆಚ್ಚು ಗೋಲು ಹೊಡೆದವನಿಗೆ ಇಂದು ಕೊಡುವ ಪದಕ ಅವನ ಹೆಸರಿನದೇ ಎಂಬುದನ್ನು ಮರೆಯದೆ ಸೇರಿಸು.

ಗುಣಾಕಾರ ಇದ್ದ ಜಾಗವನ್ನೆಲ್ಲ ಕೋಚ್ ಕೋಲ್ಮನ್‌ಗೆ ಕೊಟ್ಟು ಇನ್ನೊಮ್ಮೆ ಬರೆ. ತಿದ್ದಿದ ಪ್ರತಿಯನ್ನು ಪತ್ರಿಕೆಗೆ ಕಳಿಸುವ ಮೊದಲು ನನಗೊಮ್ಮೆ ಕಳಿಸು.

ಇಂತಿ,
ನಿನ್ನ ಅಣ್ಣ