ಹಳೇ ಕ್ಯಾಂಪಿಂಗ್ ಟ್ರೇಲರ್: ಜೂನ್ ಮಳೆಗೆ ಮುಂಚೆ

ಅರ್ಧ ಗಟ್ಟಿ ಬಾಡಿ, ಅರ್ಧ ಟೆಂಟ್ ಇರೋ ಹಳೇ ಟ್ರೇಲರ್‌ನವರ ಗಮನಕ್ಕೆ.

ಸೋರಿದ್ರೆ ಎಲ್ಲರೂ ಮೊದಲು ಕ್ಯಾನ್ವಾಸನ್ನೇ ಬೈಯೋದು. ಆದ್ರೆ ಎಷ್ಟೋ ಸಲ ನೀರು ಇಳಿಯೋದು ಚಾವಣಿ ಅಂಚಿನ ಅಲ್ಯೂಮಿನಿಯಂ ಪಟ್ಟಿ ಕೆಳಗಿಂದ. ಮೂಲೆ ಪ್ಲೈವುಡ್‌ಗೆ ಸ್ಕ್ರೂಡ್ರೈವರ್ ತುದಿ ಒತ್ತಿ ನೋಡಿ. ಚಹಾದಲ್ಲಿ ನೆನೆದ ರಸ್ಕಿಗೆ ಚುಚ್ಚಿದ ಹಾಗೆ ಒಳಗೆ ಹೋದ್ರೆ ಕೊಳೆತಿದೆ ಅಂತ. ಗಟ್ಟಿ ಮರ ಸಿಗೋವರೆಗೂ ಕತ್ತರಿಸಿ, ಮರೈನ್ ಪ್ಲೈ (ತೇವ ತಾಳೋ ಪ್ಲೈವುಡ್) ಕೂರಿಸಿ, ಅಂಚಿಗೆಲ್ಲ ಎಪಾಕ್ಸಿ (ಎರಡು ದ್ರವ ಬೆರೆಸಿ ಬಳಿಯೋ ರಾಳ) ಬಳೀರಿ. ಆಮೇಲೆ ಪಟ್ಟಿ ಕೆಳಗೆ ಬ್ಯುಟೈಲ್ ಟೇಪ್, ಅಂದ್ರೆ ಮೆತ್ತನೆ ರಬ್ಬರ್ ಅಂಟು ಪಟ್ಟಿ, ಹಾಕಿ. ಸಿಲಿಕೋನ್ ಮಾತ್ರ ದಯವಿಟ್ಟು ಬೇಡ: ಅದರ ಮೇಲೆ ಮುಂದೆ ಬೇರೆ ಸೀಲಂಟ್ ಕೂರಲ್ಲ, ಪೇಂಟೂ ಹಿಡಿಯಲ್ಲ. ಸ್ಕ್ರೂಗಳನ್ನ ಒಂದೇ ಸಲ ಪೂರ್ತಿ ಬಿಗಿ ಮಾಡ್ಬೇಡಿ. ಟೇಪ್ ಮೆಲ್ಲಗೆ ಹರಡುತ್ತೆ, ಮಾರನೇ ದಿನ ಇನ್ನೊಂದು ಸುತ್ತು ಕೊಡಿ.

ಕ್ಯಾನ್ವಾಸ್‌ಗೆ ಡಿಟರ್ಜೆಂಟ್ ಹಾಕಿದ್ರೆ ನೀರು ತಡೆಯೋ ಲೇಪ ಹಾಳಾಗುತ್ತೆ. ಬರೀ ನೀರು, ಮೆತ್ತನೆ ಬ್ರಷ್ ಸಾಕು.

ಚಕ್ರದ ಬೇರಿಂಗ್ ತರೋಕೆ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗೋವಾಗ ಹಳೇದನ್ನೇ ಒಯ್ಯಿರಿ, ಅದರ ಮೇಲಿನ ನಂಬರ್ ಮುಖ್ಯ. ಕೋನ್ (ರೋಲರ್ ಇರೋ ಒಳಭಾಗ) ಜೊತೆ ಕಪ್ (ಹೊರಗಿನ ಬಳೆ) ಕೂಡ ಹೊಸದೇ ಹಾಕಿ. ಟೈರ್ ಪಕ್ಕದಲ್ಲಿ 2314 ಅಂತಿದ್ರೆ 2014ರ 23ನೇ ವಾರ ತಯಾರಾದದ್ದು. ಅಷ್ಟು ಹಳೇದು ಗಟ್ಟಿ ಕಂಡ್ರೂ ಬದಲಾಯಿಸಿ. ಚಕ್ರ ಬಿಚ್ಚಿ ಹಾಕಿದ್ಮೇಲೆ ಸುಮಾರು 50 ಕಿ.ಮೀ.ಗೆ, ಅಂದ್ರೆ ಬೆಂಗಳೂರಿಂದ ಮೈಸೂರು ಕಡೆ ಹೊರಟ್ರೆ ರಾಮನಗರದ ಹತ್ರ, ನಿಲ್ಲಿಸಿ ನಟ್‌ಗಳನ್ನ ಮತ್ತೆ ಬಿಗಿ ಮಾಡಿ.