ಸೂರ್ಯನ ಚೂರು ಎಂದು ಕಲಿಸಬೇಡ

ಕುಮಟಾ

ಚಿ. ಕೂಸಿಗೆ ಮಾವನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ನಿನ್ನ ಅತ್ತೆಯ ಮಂಡಿನೋವು ಮಳೆಯ ಜೊತೆ ಬಂದಿದೆ, ಮಳೆಯ ಜೊತೆಗೇ ಹೋದೀತು. ಶಿರಸಿಯ ಶಾಲೆ ನಿನಗೆ ಹಿಡಿಸಿತು ಎಂದು ಓದಿ ಸಮಾಧಾನವಾಯಿತು. ಭೂಮಿ ಹುಟ್ಟಿದ ಪಾಠ ಹೇಗೆ ಶುರು ಮಾಡಲಿ ಎಂದು ಕೇಳಿದ್ದೀಯಲ್ಲ, ಮೊದಲು ನನ್ನ ತಪ್ಪು ಕೇಳು.

ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ಭೂಮಿ ಎಂದರೆ ಸೂರ್ಯನಿಂದ ಸಿಡಿದ ಚೂರು ಎಂದೇ ಹೇಳುತ್ತಿದ್ದೆ. ನನಗೆ ಕಲಿಸಿದವರು ಹಾಗೆ ಹೇಳಿದ್ದರು. ಒಬ್ಬ ಹುಡುಗ ಎದ್ದು, "ಸೂರ್ಯನಲ್ಲಿ ಹೆಚ್ಚಿನದೆಲ್ಲ ಹೈಡ್ರೋಜನ್ ಅಲ್ಲವಾ ಸರ್, ಅದರ ಚೂರಿನಲ್ಲಿ ಇಷ್ಟು ಕಲ್ಲು, ಕಬ್ಬಿಣ ಎಲ್ಲಿಂದ ಬಂತು?" ಎಂದ. ಗದರಿಸಿ ಕೂರಿಸಿದೆ. ಅವನ ಪ್ರಶ್ನೆಯೇ ಸರಿ ಎಂದು ತಿಳಿಯುವಷ್ಟರಲ್ಲಿ ಅವನು ಶಾಲೆ ಬಿಟ್ಟು ಹೋಗಿದ್ದ. ನೀನು ಯಾರನ್ನೂ ಹಾಗೆ ಕೂರಿಸಬೇಡ.

ಎಳೆಯ ಸೂರ್ಯನ ಸುತ್ತ ಅನಿಲ, ಧೂಳಿನ ತಟ್ಟೆಯೊಂದು ತಿರುಗುತ್ತಿತ್ತು. ಸೂರ್ಯನ ಹತ್ತಿರದ ಕಾವಿನಲ್ಲಿ ಗಟ್ಟಿಯಾಗಿ ಉಳಿದದ್ದು ಕಲ್ಲು ಮತ್ತು ಲೋಹ ಮಾತ್ರ. ಅವು ಒಂದಕ್ಕೊಂದು ಬಡಿದು, ಅಂಟಿ, ಭೂಮಿಯಾಯಿತು. ಮಂಗಳನಷ್ಟು ದೊಡ್ಡ ಆಕಾಶಕಾಯವೊಂದು ಬಂದು ಅಪ್ಪಳಿಸಿದಾಗ ಸಿಡಿದದ್ದು ಒಟ್ಟುಗೂಡಿ ಚಂದ್ರ ಆಯಿತು ಎಂಬುದು ಈಗ ಹೆಚ್ಚಿನವರು ಒಪ್ಪುವ ಮಾತು. ಭೂಮಿಯ ವಯಸ್ಸು ಸುಮಾರು 454 ಕೋಟಿ ವರ್ಷ. ಈ ಸಂಖ್ಯೆಯನ್ನು ಬಾಯಿಪಾಠ ಮಾಡಿಸುವ ಮೊದಲು, ಯಾರು ಎಣಿಸಿದರು ಎಂದು ಹೇಳು. ಭೂಮಿಯ ಮೊದಲ ಕಲ್ಲುಗಳು ಕರಗಿ ಹೋಗಿವೆ, ಆದ್ದರಿಂದ ಅಮೆರಿಕದ ವಿಜ್ಞಾನಿ ಕ್ಲೇರ್ ಪ್ಯಾಟರ್ಸನ್ 1956ರಲ್ಲಿ, ಭೂಮಿಯ ಜೊತೆಗೇ ಹುಟ್ಟಿದ ಉಲ್ಕೆಗಳೊಳಗೆ ಯುರೇನಿಯಂ ನಿಧಾನವಾಗಿ ಕರಗಿ ಆದ ಸೀಸವನ್ನು ಅಳೆದು 455 ಕೋಟಿ ಎಂದ. ಇಂದಿಗೂ ಆ ಲೆಕ್ಕ ಹೆಚ್ಚೇನೂ ಅಲುಗಾಡಿಲ್ಲ.

ಇನ್ನು ನಿನ್ನ ಮಕ್ಕಳು ಕಂಡ ಕಲ್ಲಿಗೆ ಬಾ. ಯಾಣಕ್ಕೆ ಹೋಗದ ಮಕ್ಕಳು ಶಿರಸಿಯಲ್ಲಿ ಇರಲಾರರು. ಆ ಕಪ್ಪು ಭೈರವೇಶ್ವರ ಶಿಖರ 120 ಮೀಟರಿನ ಸುಣ್ಣಕಲ್ಲು. ಸುಣ್ಣಕಲ್ಲು ಎಂದರೆ ಕಲ್ಲಾಗಿ ಕೂತ ಇಂಗಾಲದ ಡೈಆಕ್ಸೈಡ್. ನಮ್ಮಲ್ಲಿ ಚಿಪ್ಪು ಸುಟ್ಟು ಸುಣ್ಣ ಮಾಡುವಾಗ ಗೂಡಿನಿಂದ ಹೊರಗೆ ಹೋಗುವುದು ಅದೇ ಅನಿಲ. ಶುಕ್ರನಲ್ಲಿ ಅದೆಲ್ಲ ಗಾಳಿಯಲ್ಲೇ ಉಳಿಯಿತು, ಅಲ್ಲಿ ನೆಲದ ಬಿಸಿ ಸುಮಾರು 460 ಡಿಗ್ರಿ. ಇಲ್ಲಿ ಮಳೆ, ಸಮುದ್ರ ಇದ್ದದ್ದಕ್ಕೆ ಅದು ಕಲ್ಲಾಯಿತು. ನೀರು ಬಹಳ ಬೇಗ ಬಂದಿತ್ತು ಎಂಬುದಕ್ಕೆ ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಸಿಕ್ಕ ಜಿರ್ಕಾನ್ ಎಂಬ ಪುಟ್ಟ ಹರಳು ಸುಳಿವು ಕೊಡುತ್ತದೆ, ಅದಕ್ಕೆ 440 ಕೋಟಿ ವರ್ಷ.

ಮೊದಲ ಜೀವ ಹೇಗೆ ಹುಟ್ಟಿತು ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. 1953ರಲ್ಲಿ ಮಿಲ್ಲರ್ ಎಂಬ ವಿಜ್ಞಾನಿ ಅನಿಲ ತುಂಬಿದ ಗಾಜಿನ ಪಾತ್ರೆಯಲ್ಲಿ ಕಿಡಿ ಹಾರಿಸಿ, ಜೀವಿಗಳ ಪ್ರೋಟೀನಿಗೆ ಇಟ್ಟಿಗೆಯಾದ ಅಮೈನೋ ಆಮ್ಲ ಮಾಡಿದ, ಜೀವ ಮಾಡಲಿಲ್ಲ. "ಇದು ಇನ್ನೂ ಯಾರಿಗೂ ಪೂರ್ತಿ ಗೊತ್ತಿಲ್ಲ" ಎಂದು ಬೋರ್ಡಿನ ಮೇಲೆ ಬರೆದುಬಿಡು. ಮೇಷ್ಟ್ರ ಮರ್ಯಾದೆ ಅದರಿಂದ ಹೋಗುವುದಿಲ್ಲ.

ನೀನು ಹೆಚ್ಚು ಹೊತ್ತು ನಿಲ್ಲಬೇಕಾದದ್ದು ಮಾತ್ರ ಆಮ್ಲಜನಕದ ಹತ್ತಿರ. ಭೂಮಿ ಎಲ್ಲ ಸಜ್ಜಾಗಿ ಕಾಯುತ್ತಿತ್ತು, ಆಮೇಲೆ ಜೀವ ಬಂದು ಕೂತಿತು ಎಂದು ಹೇಳಬೇಡ. ಮೊದಲಿನ ಗಾಳಿಯಲ್ಲಿ ಆಮ್ಲಜನಕವೇ ಇರಲಿಲ್ಲ. ಸಯನೋಬ್ಯಾಕ್ಟೀರಿಯಾ ಎಂಬ ಸೂಕ್ಷ್ಮಜೀವಿಗಳು ಬಿಸಿಲಲ್ಲಿ ಅನ್ನ ಮಾಡಿಕೊಂಡು ಆಮ್ಲಜನಕವನ್ನು ಕಸದಂತೆ ಹೊರಗೆ ಬಿಟ್ಟವು. ಅದರಿಂದ ಸಮುದ್ರದಲ್ಲಿ ಕರಗಿದ್ದ ಕಬ್ಬಿಣ ತುಕ್ಕಾಗಿ ತಳಕ್ಕೆ ಕೂತಿತು (ಆಮ್ಲಜನಕವಿಲ್ಲದೆಯೂ ಕಬ್ಬಿಣ ಕೂರಿಸುವ ಬ್ಯಾಕ್ಟೀರಿಯಾ ಇದ್ದವು ಎಂಬ ವಾದವೂ ಇದೆ, ಅದನ್ನೂ ಹೇಳು). ಸುಮಾರು 240 ಕೋಟಿ ವರ್ಷದ ಹಿಂದೆ ಆಮ್ಲಜನಕ ಗಾಳಿಯಲ್ಲೂ ಉಳಿಯತೊಡಗಿತು. ಆಗಿನ ಬಹುಪಾಲು ಜೀವಿಗಳಿಗೆ ಅದು ವಿಷ. ಅವು ಕೆಸರಿನೊಳಗೆ ಇಳಿದವು, ಇನ್ನೂ ಅಲ್ಲೇ ಇವೆ. ಅಘನಾಶಿನಿ ಹೊಳೆಯಲ್ಲಿ ಇಳಿತದ ಹೊತ್ತು ಬಳಚು ಚಿಪ್ಪು ಆರಿಸುವವರ ಕಾಲಡಿಯ ಕರಿ ಕೆಸರು ಕೊಳೆತ ಮೊಟ್ಟೆಯಂತೆ ನಾರುತ್ತದಲ್ಲ, ಅದು ಅಂಥವುಗಳದ್ದೇ ಕೆಲಸ. ಚಿಕ್ಕವಳಿದ್ದಾಗ ನೀನು ಮೂಗು ಮುಚ್ಚಿಕೊಂಡು ದೋಣಿಯಿಂದ ಇಳಿಯಲೇ ಇಲ್ಲ.

ನಾಳೆಯ ಬಸ್ಸಿನಲ್ಲಿ ಒಂದು ಗಂಟು ಕಳಿಸುತ್ತಿದ್ದೇನೆ. ಬಳ್ಳಾರಿ ಕಡೆಯ ಕಬ್ಬಿಣದ ಅದಿರು ಲಾರಿಯಲ್ಲಿ ಬೇಲೆಕೇರಿ ಬಂದರಿಗೆ ಹೋಗುತ್ತಿದ್ದ ಕಾಲದಲ್ಲಿ ರಸ್ತೆ ಬದಿಯಲ್ಲಿ ಹೆಕ್ಕಿಟ್ಟುಕೊಂಡ ತುಂಡು, 250 ಕೋಟಿ ವರ್ಷಕ್ಕೂ ಹಳೆಯ ಸಮುದ್ರದ ತಳ. ಪ್ರತಿ ಬೆಂಚಿಗೂ ಕೊಟ್ಟು, ಕೈಯಲ್ಲಿ ತೂಗಿ ನೋಡಲು ಹೇಳು. ಗಂಟನ್ನು ಬಿಳಿ ಬಟ್ಟೆಯ ಹತ್ತಿರ ಬಿಚ್ಚಬೇಡ, ಕೆಂಪು ಕಲೆ ತೊಳೆದರೂ ಹೋಗುವುದಿಲ್ಲ.

ನಿನ್ನ ಮಾವ