ಖಾಕಿ ಹಾಕಲಿರುವ ಮಗಳಿಗೆ

ಪ್ರೀತಿಯ ಮಗಳೇ,

ಕಾನ್‌ಸ್ಟೇಬಲ್ ಆಯ್ಕೆ ಪಟ್ಟಿಯಲ್ಲಿ ನಿನ್ನ ಹೆಸರು ಬಂದಾಗಿನಿಂದ ಊರಿನ ಕಟ್ಟೆಯ ಮೇಲೆ ಒಂದೇ ಮಾತು. ‘ಮಿಲಿಟರಿಯವನ ಮಗಳು, ಪೊಲೀಸ್ ಕೆಲಸ ಅವಳಿಗೇನು ಕಷ್ಟ?’ ಅಂತ. ಕೇಳಿದರೆ ನನಗೂ ಎದೆ ಉಬ್ಬುತ್ತದೆ. ಆದರೆ ನೀನು ಆ ಮಾತನ್ನು ಪೂರ್ತಿ ನಂಬಬೇಡ. ನಾನು ಎರಡೂ ಡ್ರೆಸ್ ಹಾಕಿದವನು. ಎರಡೂ ಒಂದೇ ಥರದ ಕೆಲಸ ಅಲ್ಲ. ಫೋನಿನಲ್ಲಿ ಇಷ್ಟೆಲ್ಲ ಹೇಳಲು ಆಗುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಸೇರಿದ ಮದ್ರಾಸ್ ರೆಜಿಮೆಂಟಿನ ತರಬೇತಿ ಕೇಂದ್ರ ನೀಲಗಿರಿಯ ವೆಲ್ಲಿಂಗ್ಟನ್‌ನಲ್ಲಿದೆ. ಹಾವೇರಿ ಬಿಸಿಲಿನಿಂದ ಹೋದವನಿಗೆ ಅಲ್ಲಿನ ಬೆಳಗಿನ ಚಳಿಯೇ ಮೊದಲ ಪಾಠ. ಫಾಲಿನ್‌ಗೆ (ಸಾಲಿಗೆ ನಿಲ್ಲಲು) ತಡವಾದರೆ ತರಬೇತಿ ಕೊಡುವ ಉಸ್ತಾದರು ರಗಡಾ, ಅಂದರೆ ಮೈ ಮುರಿಯುವ ಶಿಕ್ಷೆ, ಕೊಡುತ್ತಿದ್ದರು. ನನಗೆ ಹಿಂದಿ ಬರುತ್ತಿರಲಿಲ್ಲ. ಪಕ್ಕದ ಮಂಚದ ಮಲಯಾಳಿಗೆ ಕನ್ನಡ ಬರುತ್ತಿರಲಿಲ್ಲ. ಆದರೂ ಅವನ ಬೂಟಿಗೆ ನಾನು ಪಾಲಿಶ್ ಹಾಕಿದ್ದೇನೆ, ನನ್ನ ಜ್ವರದಲ್ಲಿ ಅವನು ಲಂಗರಿನಿಂದ, ಅಂದರೆ ಸೈನ್ಯದ ಅಡುಗೆಮನೆಯಿಂದ, ಊಟ ತಂದಿದ್ದಾನೆ. ‘ವೀರ ಮದ್ರಾಸಿ, ಅಡಿ ಕೊಲ್ಲು, ಅಡಿ ಕೊಲ್ಲು’ ಎಂಬ ರೆಜಿಮೆಂಟಿನ ರಣಘೋಷವನ್ನು (ಅಡಿ ಅಂದರೆ ಹೊಡೆ) ಎಲ್ಲರೂ ಒಂದೇ ದನಿಯಲ್ಲಿ ಕೂಗುವಾಗ ಹೆದರಿಕೆ ಅನ್ನುವುದು ಮೈಬಿಟ್ಟು ಹೋಗುತ್ತಿತ್ತು. ಅಲ್ಲಿ ಎದುರಿಗೆ ಇರುವವನು ವೈರಿ. ಆರ್ಡರ್ ಮೇಲಿಂದ ಬರುತ್ತದೆ. ನಿನ್ನ ಎಡಕ್ಕೂ ಬಲಕ್ಕೂ ನಿನ್ನವರೇ ಇರುತ್ತಾರೆ.

ನಾನು ಇನ್ನೂ ಸೈನ್ಯದಲ್ಲಿದ್ದಾಗಲೇ, 2008ರ ಜೂನ್ 10ರಂದು, ನಮ್ಮ ಹಾವೇರಿಯಲ್ಲಿ ಗೋಲಿಬಾರ್ ಆಯಿತು. ಬಿತ್ತನೆ ಹೊತ್ತಿನಲ್ಲಿ ಗೊಬ್ಬರ ಸಿಗದೆ ರೈತರು ಬೀದಿಗೆ ಇಳಿದಿದ್ದರು. ಪೊಲೀಸರ ಗುಂಡಿಗೆ ಇಬ್ಬರು ರೈತರು ಸತ್ತರು. ನನಗೆ ಸುದ್ದಿ ಗೊತ್ತಾಗಿದ್ದು ನಿನ್ನ ಅಜ್ಜನ ಫೋನಿನಿಂದ. ಗೊಬ್ಬರದ ಪಾಳಿಯಲ್ಲಿ ಅವರೂ ಎಷ್ಟೋ ಸಲ ನಿಂತವರೇ. ಬ್ಯಾರಕ್ಕಿನಲ್ಲಿ ಕೂತು ನಾನು ಯೋಚಿಸಿದ್ದು ಇಷ್ಟೇ: ಬಂದೂಕು ಹಿಡಿದವನೂ ಇದೇ ಕಡೆಯವನು, ಬಿದ್ದವನೂ ಇದೇ ಕಡೆಯವನು.

ಪಿಂಚಣಿ ಮೇಲೆ ಬಂದು ಮಾಜಿ ಸೈನಿಕರ ಕೋಟಾದಲ್ಲಿ ಪೊಲೀಸ್ ಸೇರಿದೆ. ಠಾಣೆಯಲ್ಲಿ ನನಗೆ ಮೊದಲು ಗೊತ್ತಾಗಿದ್ದು ಇಲ್ಲಿ ವೈರಿ ಇಲ್ಲ ಅನ್ನುವುದು. ಕುಡಿದು ಹೆಂಡತಿಗೆ ಹೊಡೆದವನು ಇದ್ದಾನೆ, ಬದು ಒತ್ತಿದ ಅಣ್ಣ ಇದ್ದಾನೆ, ಬೈಕ್ ಕದ್ದ ಹುಡುಗ ಇದ್ದಾನೆ. ಹಿಡಿಯಬೇಕು, ನಿಜ. ಆದರೆ ಹಿಡಿದವನನ್ನು ಇಪ್ಪತ್ನಾಲ್ಕು ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಅವನ ಮನೆಯವರಿಗೆ ಹೇಳಬೇಕು. ನಾಳೆ ಬಿಡುಗಡೆ ಆದ ಮೇಲೆ ಅವನು ಅದೇ ಸಂತೆಯಲ್ಲಿ ನಿನಗೆ ಎದುರಾಗುತ್ತಾನೆ, ‘ಅಕ್ಕಾರ, ಆರಾಮಾ?’ ಅನ್ನುತ್ತಾನೆ.

ಬಂದೋಬಸ್ತ್ ವಿಷಯ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ. 2024ರ ಮಾರ್ಚ್ 11ರಂದು ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ದರ ಬಿದ್ದಿತು ಅಂತ ಸಿಟ್ಟೆದ್ದ ಜನ ಎಪಿಎಂಸಿ ಕಚೇರಿಗೆ ನುಗ್ಗಿದರು, ವಾಹನಗಳಿಗೆ ಬೆಂಕಿ ಹಚ್ಚಿದರು. ಅಷ್ಟು ಜನರ ಮುಂದೆ ಪೊಲೀಸರು ಬೆರಳೆಣಿಕೆಯಷ್ಟು. ಅಂಥ ಹೊತ್ತಿನಲ್ಲಿ ಸೈನಿಕನ ಮೈ ಒಂದು ಹೇಳುತ್ತದೆ, ಕಾನೂನು ಇನ್ನೊಂದು ಹೇಳುತ್ತದೆ. ಕಲ್ಲು ಬಂದ ಕಡೆ ನುಗ್ಗು ಅನ್ನುತ್ತದೆ ಮೈ. ಆದರೆ ಮೊದಲು ಚದುರಿ ಹೋಗಿ ಎಂದು ಹೇಳಬೇಕು. ಹೋಗದಿದ್ದರೆ ಮಾತ್ರ ಬಲ, ಅದೂ ಬೇಕಾದಷ್ಟೇ. ಸೈನ್ಯವನ್ನೇ ಕರೆಸಿದರೂ ಆದಷ್ಟು ಕಡಿಮೆ ಬಲ ಬಳಸಬೇಕು, ಜನರಿಗೂ ಆಸ್ತಿಗೂ ಆದಷ್ಟು ಕಡಿಮೆ ಹಾನಿ ಮಾಡಬೇಕು ಅಂತ ಹಳೆಯ ಸಿಆರ್‌ಪಿಸಿ (ದಂಡ ಪ್ರಕ್ರಿಯಾ ಸಂಹಿತೆ) 130ನೇ ಕಲಂನಲ್ಲಿ ಇತ್ತು. ಈಗಿನ ಬಿಎನ್‌ಎಸ್‌ಎಸ್ (ಅದರ ಬದಲು ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 149ರಲ್ಲೂ ಇದೆ. ನಾನು ಅದನ್ನು ಓದಿದ್ದು ಪೊಲೀಸ್ ತರಬೇತಿಯಲ್ಲಿ. ಸೈನಿಕನಿಗಾಗಿ ಬರೆದ ಮಾತು ಅದು, ಅದಕ್ಕೇ ನನಗೆ ಚೆನ್ನಾಗಿ ನಾಟಿತು. ಮಾಲು ತಂದವನು ಊಟ ಮಾಡಿದ್ದಾನೋ ಇಲ್ಲವೋ, ಹಿಂದಿನ ರಾತ್ರಿ ಮೂಟೆಯ ಮೇಲೇ ಮಲಗಿದ್ದನೋ ಏನೋ. ಲಾಠಿ ಎತ್ತುವ ಮುಂಚೆ ಇದು ನೆನಪಿರಲಿ. ಬೆಂಕಿ ಹಚ್ಚಿದವನ ಮೇಲೆ ಕೇಸು ಆಗಲೇಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ.

ಹಾಗಂತ ಸೈನ್ಯದ್ದು ಎಲ್ಲಾ ಬಿಟ್ಟುಬಿಡು ಎನ್ನುತ್ತಿಲ್ಲ. ನಮ್ಮ ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರ ಬಗ್ಗೆ ನೀನು ಕೇಳಿದ್ದೀಯ. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ, 19,600 ಅಡಿ ಎತ್ತರದಲ್ಲಿ, 19ನೇ ಮದ್ರಾಸ್ ಬೆಟಾಲಿಯನ್‌ನ ಹತ್ತು ಜನರ ಮೇಲೆ ಹಿಮ ಕುಸಿಯಿತು. ಯಾರೂ ಉಳಿದಿಲ್ಲ ಎಂದೇ ಸುದ್ದಿ ಬಂತು. ಆದರೂ ಅಗೆಯುವವರು ಅಗೆಯುತ್ತಲೇ ಇದ್ದರು. ಆರು ದಿನದ ಮೇಲೆ ಹನುಮಂತಪ್ಪ ಉಸಿರಾಡುತ್ತಾ ಸಿಕ್ಕರು. ಫೆಬ್ರುವರಿ 11ರಂದು ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ನಮ್ಮ ರೆಜಿಮೆಂಟಿನವರು, ನಮ್ಮ ಕಡೆಯವರು. ಆ ವಾರ ನನಗೆ ಅನ್ನ ಸೇರಲಿಲ್ಲ.

ಠಾಣೆಗೆ ಒಬ್ಬ ತಾಯಿ ಬರುತ್ತಾಳೆ, ಮಗಳು ಮನೆಗೆ ಬಂದಿಲ್ಲ ಅನ್ನುತ್ತಾಳೆ. ‘ಯಾರದೋ ಮನೆಗೆ ಹೋಗಿರಬೇಕು, ಎರಡು ದಿನ ನೋಡಿ ಬಾರವ್ವ’ ಅಂತ ಸುಮ್ನೆ ಕಳಿಸುವವರನ್ನು ನೀನು ನೋಡುತ್ತೀಯ. ನೀನು ಕಳಿಸಬೇಡ. ಕುರ್ಚಿ ಕೊಡು, ನೀರು ಕೊಡು, ಅವಳು ಹೇಳಿದ್ದನ್ನು ಅವಳ ಮಾತಿನಲ್ಲೇ ಬರೆಸು. ಆ ಹುಡುಗಿ ಸಿಗುವ ತನಕ ಫೈಲು ಮುಚ್ಚಲು ಮನಸ್ಸು ಬರಬಾರದು. ಈ ಹಟ ಮಾತ್ರ ನನಗೆ ಪಲ್ಟಣದಿಂದ ಬಂದದ್ದು.

ಇನ್ನೊಂದು. ನೀನು ಹೆಣ್ಣುಮಗಳು ಅಂತ ಹೆಂಗಸರು ನಿನ್ನನ್ನೇ ಹುಡುಕಿಕೊಂಡು ಬರುತ್ತಾರೆ. ಅತ್ಯಾಚಾರ, ಕಿರುಕುಳದಂಥ ದೂರನ್ನು ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು ಎಂದು ಕಾನೂನು ಹೇಳುತ್ತದೆ. ಬಂದವಳು ಮೊದಲು ಮಾತಾಡುವುದು ನಿನ್ನ ಹತ್ತಿರವೇ. ಅವಸರ ಮಾಡಬೇಡ.

ತರಬೇತಿಗೆ ಹೋಗುವ ಮುಂಚೆ ಬಿಎನ್‌ಎಸ್‌ಎಸ್ 173ನೇ ಕಲಂ ಓದಿಕೊಂಡು ಹೋಗು. ಅಪರಾಧ ಬೇರೆ ಠಾಣೆಯ ಹದ್ದಿನಲ್ಲಿ ಆಗಿದ್ದರೂ ದೂರು ತೆಗೆದುಕೊಳ್ಳಬೇಕು, ಬರೆದಿದ್ದರ ನಕಲನ್ನು ದುಡ್ಡಿಲ್ಲದೆ ಕೊಡಬೇಕು, ಎರಡೂ ಅದರಲ್ಲಿದೆ. ಬೆಳಗಿನ ಓಟ ಬಿಡಬೇಡ. ಬೂಟು ಹೊಸದು ಬೇಡ, ಈಗಿನದನ್ನೇ ಹಾಕಿ ಪಳಗಿಸು, ಇಲ್ಲದಿದ್ದರೆ ಮೊದಲ ವಾರವೇ ಕಾಲಲ್ಲಿ ಬೊಕ್ಕೆ ಏಳುತ್ತವೆ. ಮಾರ್ಕ್ಸ್ ಕಾರ್ಡುಗಳ ಜೆರಾಕ್ಸ್ ನಾನೇ ಮಾಡಿಸಿ ಇಟ್ಟಿದ್ದೇನೆ. ಭಾನುವಾರ ಬಂದು ತೆಗೆದುಕೊಂಡು ಹೋಗು.

ನಿನ್ನ
ಅಪ್ಪ